ಸುರಕ್ಷಾ ಕ್ಲಿನಿಕ್ ಸೋಂಕನ್ನು ತಡೆಯುತ್ತಿದೆಯೇ? ಅಳೆಯುವ ಬಗೆ

ಲೈಂಗಿಕ ಸೋಂಕಿಗೆ ಚಿಕಿತ್ಸೆ, ಸಲಹೆ ಕೊಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಎಷ್ಟು ಮಂದಿ ಬಂದರು, ಎಷ್ಟು ಕಾಂಡೋಮ್ ಹಂಚಲಾಯಿತು ಎಂಬ ಅಂಕಿಗಳು ಸಿಬ್ಬಂದಿಯ ದುಡಿಮೆಯನ್ನು ತಿಳಿಸುತ್ತವೆಯೇ ಹೊರತು ಲೈಂಗಿಕ ಸೋಂಕು ತಗ್ಗಿತೇ ಎಂಬುದನ್ನಲ್ಲ. ಮೈಸೂರು, ಮಂಡ್ಯ ಜಿಲ್ಲೆಗಳ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಹಾಗೂ ನರ್ಸಿಂಗ್ ವಿದ್ಯಾರ್ಥಿಗಳು ಅದನ್ನು ಅರಿಯಲು ಹೀಗೆ ಮುಂದುವರಿಯಬಹುದು.

ಕಾರ್ಯಕ್ರಮ ಆರಂಭವಾಗುವ ಮೊದಲೇ ಸೋಂಕಿನ ಪ್ರಮಾಣವನ್ನು ಪ್ರಯೋಗಾಲಯದ ಪರೀಕ್ಷೆಯಿಂದ ದಾಖಲಿಸಿಕೊಳ್ಳಬೇಕು. ಮೈಸೂರಿನ ಲೈಂಗಿಕ ವೃತ್ತಿನಿರತ ಮಹಿಳೆಯರಲ್ಲಿ 2004 ಮತ್ತು 2006ರಲ್ಲಿ ಸಮೀಕ್ಷೆ ನಡೆದಿದ್ದರಿಂದಲೇ ಸಿಫಿಲಿಸ್ ಶೇ 25ರಿಂದ 12ಕ್ಕೆ, ಟ್ರೈಕೊಮೊನಾಸ್ ಶೇ 33ರಿಂದ 14ಕ್ಕೆ, ಗೊನೋರಿಯಾ ಶೇ 5ರಿಂದ 2ಕ್ಕೆ ಇಳಿದದ್ದು ಗೊತ್ತಾಯಿತು. ಅದೇ ಅವಧಿಯಲ್ಲಿ ಎಚ್‌ಐವಿ ಶೇ 26ರಿಂದ 24ಕ್ಕೆ ಬಂದು ಬಹುತೇಕ ಹಾಗೆಯೇ ಉಳಿದದ್ದನ್ನು ಸೋಲೆಂದು ಓದಬಾರದು. ವಾಸಿಯಾಗದ ಸೋಂಕಿನಲ್ಲಿ ಹಳೆಯ ಪ್ರಕರಣಗಳು ಲೆಕ್ಕದಲ್ಲಿ ಉಳಿಯುವುದರಿಂದ, ಅಲ್ಲಿ ಹೊಸದಾಗಿ ಸೋಂಕು ತಗುಲಿದವರನ್ನೇ ಎಣಿಸಬೇಕಾಗುತ್ತದೆ. ಈ ಇಳಿಕೆಯ ಶ್ರೇಯಸ್ಸು ಕ್ಲಿನಿಕ್ಕಿನ ನಾಲ್ಕು ಗೋಡೆಗಳಿಗಷ್ಟೇ ಸಲ್ಲುವುದಿಲ್ಲ. ಆ ಮಹಿಳೆಯರೇ ಜೊತೆಗಾರ್ತಿಯರನ್ನು ಕರೆತಂದರು. ಅವರ ಸಂಘಟನೆಯೇ ಇಂದಿನ ಆಶೋದಯ ಸಮಿತಿ.

ಬಳಿಕ ರಿಜಿಸ್ಟರನ್ನು ಕಿಟ್‌ಗಳ, ಅಂದರೆ ರೋಗಲಕ್ಷಣಕ್ಕೆ ತಕ್ಕಂತೆ ಕೊಡುವ ಔಷಧಿ ಪೊಟ್ಟಣಗಳ, ಬಣ್ಣದ ಪ್ರಕಾರ ಬಿಡಿಸಿ ನೋಡಬೇಕು. ಬಿಳಿ ಹೋಗುವ ತೊಂದರೆಗೆ ಕೊಡುವ ಹಸಿರು ಕಿಟ್‌ನ ಸಂಖ್ಯೆಯನ್ನು ಹಾಗೆಯೇ ಲೈಂಗಿಕ ಸೋಂಕಿನ ಲೆಕ್ಕಕ್ಕೆ ಸೇರಿಸುವುದು ತಪ್ಪು, ಏಕೆಂದರೆ ಆ ತೊಂದರೆ ಲೈಂಗಿಕ ಸಂಪರ್ಕವಿಲ್ಲದೆ ಹುಟ್ಟುವ ಶಿಲೀಂಧ್ರದಿಂದಲೂ ಬರುತ್ತದೆ. ಇದಕ್ಕೆ ಪ್ರತಿಯಾಗಿ, ಕ್ಲಮೈಡಿಯಾ ತಗುಲಿದ ಹೆಚ್ಚಿನ ಮಹಿಳೆಯರಿಗೆ ಲಕ್ಷಣವೇ ಇರದ ಕಾರಣ ಅವರು ಯಾವ ಕಿಟ್‌ನ ಲೆಕ್ಕಕ್ಕೂ ಸಿಗುವುದಿಲ್ಲ.

ಆಪ್ತಸಮಾಲೋಚನೆಯ ಫಲವನ್ನು ತಿಳಿಯಬೇಕಾದರೆ, ಅದನ್ನು ಪಡೆದವರನ್ನು ಬರೀ ಮಾಹಿತಿ ಕೇಳಿ ಹೋದವರೊಂದಿಗೆ ಹೋಲಿಸಬೇಕು. ಅಮೆರಿಕದ ಐದು ಸಾರ್ವಜನಿಕ ಕ್ಲಿನಿಕ್‌ಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಕ್ತಿಯ ಪರಿಸ್ಥಿತಿಗೆ ತಕ್ಕಂತೆ ನಡೆಸಿದ ಸಮಾಲೋಚನೆಯಿಂದ ಹೊಸ ಸೋಂಕುಗಳು ಆರು ತಿಂಗಳ ಹೊತ್ತಿಗೆ ಸುಮಾರು ಶೇ 30ರಷ್ಟು, ವರ್ಷದ ಹೊತ್ತಿಗೆ ಸುಮಾರು ಶೇ 20ರಷ್ಟು ಕಡಿಮೆಯಿದ್ದವು. ಆರನೇ ತಿಂಗಳಿಗೇ ಲೆಕ್ಕ ನಿಲ್ಲಿಸಿದವರಿಗೆ ಈ ಮಾಸುವಿಕೆ ಕಾಣುವುದಿಲ್ಲ. ಅಮೆರಿಕದಿಂದಲೇ 2008ರಲ್ಲಿ ವರದಿಯಾದ ಇನ್ನೊಂದು ಅಧ್ಯಯನದಂತೆ, ಕಾಯುವ ಕೊಠಡಿಯಲ್ಲಿ ತೋರಿಸಿದ 23 ನಿಮಿಷದ ವಿಡಿಯೊ ಸುಮಾರು ಶೇ 9ರಷ್ಟು ಸೋಂಕನ್ನು ತಗ್ಗಿಸಿತು. ಸಮಾಲೋಚಕರ ಹುದ್ದೆ ಖಾಲಿಯಿರುವಲ್ಲಿ ಇದನ್ನು ಅಲ್ಪವೆಂದು ತಳ್ಳಿಹಾಕಲಾಗದು.

ನನ್ನ ದೃಷ್ಟಿಯಲ್ಲಿ ಹೆಚ್ಚು ಹೇಳುವ ಅಂಕಣವೆಂದರೆ ಸಂಗಾತಿಯ ಚಿಕಿತ್ಸೆಯದು. ಗಂಡನಿಗೆ ಔಷಧಿ ಕೊಡದೆ ಹೆಂಡತಿಯನ್ನಷ್ಟೇ ಗುಣಪಡಿಸಿದರೆ ಅದೇ ಸೋಂಕು ಮರಳುತ್ತದೆ, ಮತ್ತು ರಿಜಿಸ್ಟರಿನಲ್ಲಿ ಅದು ಹೊಸ ಪ್ರಕರಣವಾಗಿ ನಮೂದಾಗುತ್ತದೆ. ಗೊನೋರಿಯಾ, ಕ್ಲಮೈಡಿಯಾ ವಾಸಿಯಾದವರನ್ನು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಬೇಕು. ಸಿಫಿಲಿಸ್ಸಿನಲ್ಲಿ ಆರ್‌ಪಿಆರ್ ಎಂಬ ರಕ್ತಪರೀಕ್ಷೆಯ ಟೈಟರ್ (ಪ್ರತಿಕಾಯದ ಮಟ್ಟ) 1:32 ಇದ್ದದ್ದು 1:8ಕ್ಕಾದರೂ ಇಳಿದಿದೆಯೇ ಎಂದು ನೋಡಬೇಕು. ಸಮಿತಿಯ ಕೈಗೆ ಸಂಖ್ಯೆಗಳು ಮಾತ್ರ ಬರಬೇಕು, ಹೆಸರುಗಳಲ್ಲ. ಗುಟ್ಟು ಹೊರಬಿದ್ದ ಕ್ಲಿನಿಕ್ಕಿಗೆ ಮಂಡ್ಯದಂಥ ಊರಿನಲ್ಲಿ ಯಾರೂ ಎರಡನೇ ಬಾರಿ ಬರುವುದಿಲ್ಲ.

ಹೆಚ್ಚು ಮಂದಿ ಪರೀಕ್ಷೆಗೊಳಗಾಗುವುದರಿಂದ ಮೊದಲ ತಿಂಗಳುಗಳಲ್ಲಿ ಪ್ರಕರಣಗಳು ಏರಿದರೆ ಗಾಬರಿಯಾಗದೆ, ಪರೀಕ್ಷೆಗೊಳಗಾದ ಪ್ರತಿ ನೂರು ಮಂದಿಯಲ್ಲಿ ಎಷ್ಟು ಜನರಿಗೆ ಸೋಂಕಿತ್ತು ಎಂಬ ಪ್ರಮಾಣವನ್ನು ಪ್ರತಿ ತ್ರೈಮಾಸಿಕಕ್ಕೂ ಬರೆದಿಡಬೇಕು.