ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಸರಿಯಾದ ಹೊತ್ತು ಯಾವುದು?

“ಊಟ ಆದ್ಮೇಲೆ ಎದೆ ಉರಿಯೋಕೆ ಶುರುವಾಯ್ತು, ತಕ್ಷಣ ಒಂದು ಪ್ಯಾಂಟೊಪ್ರಜೋಲ್ ತಗೊಂಡೆ, ಏನೂ ಆಗ್ಲಿಲ್ಲ. ಬೇರೆ ಕಂಪನಿದು ಕೊಡಿ.” ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತ ನನಗೆ ಈ ಮಾತು ಹೊಸದಲ್ಲ. ಕಂಪನಿ ಬದಲಿಸಿದರೆ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ನುಂಗುವ ಹೊತ್ತು.

1. ಕೈಯಲ್ಲಿರುವುದು ಯಾವ ಮಾತ್ರೆ, ನೋಡಿ

ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರದ ಹೆಸರು ಓದಿ. ಕೊನೆಯಲ್ಲಿ ‘ಪ್ರಜೋಲ್’ ಇದ್ದರೆ (ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್) ಈ ಲೇಖನ ಮುಖ್ಯವಾಗಿ ನಿಮಗೆ. ‘ಟಿಡಿನ್’ ಇದ್ದರೆ (ಫ್ಯಾಮೋಟಿಡಿನ್) ಅದು ಬೇರೆ ಗುಂಪು. ಹೊಸದಾಗಿ ಬಂದಿರುವ ವೊನೊಪ್ರಜಾನ್‌ಗೆ ಊಟದ ಹೊತ್ತಿನ ಕಟ್ಟುಪಾಡಿಲ್ಲ.

2. ಹುಳಿ ಎಲ್ಲಿಂದ ಬರುತ್ತದೆ, ತಿಳಿಯಿರಿ

ಜಠರದ ಒಳಗೋಡೆಯಲ್ಲಿ ಪೆರೈಟಲ್ ಕೋಶಗಳಿವೆ, ಸುಮಾರು 100 ಕೋಟಿ. ಹೊಟ್ಟೆಯ ಆಮ್ಲ ಹುಟ್ಟುವುದು ಇವುಗಳಲ್ಲೇ. ಇವನ್ನು ಕೆಲಸಕ್ಕೆ ಎಬ್ಬಿಸುವುದು ಮುಖ್ಯವಾಗಿ ಮೂರು: ನರದ ತುದಿಯ ಅಸಿಟೈಲ್‌ಕೋಲಿನ್, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್, ಪಕ್ಕದ ಕೋಶ ಸುರಿಸುವ ಹಿಸ್ಟಮಿನ್. ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೂ ಸಾಕು, ನರ ಚುರುಕಾಗುತ್ತದೆ.

ಕರೆ ಯಾವ ದಾರಿಯಲ್ಲಿ ಬಂದರೂ ಕೊನೆಗೆ ಆಮ್ಲವನ್ನು ಹೊರಗೆ ತಳ್ಳುವುದು ಒಂದೇ, ಕೋಶದ ಪೊರೆಯಲ್ಲಿರುವ ಪ್ರೋಟಾನ್ ಪಂಪ್. ಪೊಟ್ಯಾಶಿಯಮ್ ಒಳಗೆಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಗೆ ಹಾಕುವುದು ಅದರ ಕೆಲಸ. ಫ್ಯಾಮೋಟಿಡಿನ್ ಹಿಸ್ಟಮಿನ್‌ನ ದಾರಿಯೊಂದನ್ನೇ ಮುಚ್ಚುತ್ತದೆ. ಪ್ರಜೋಲ್‌ಗಳು ಪಂಪನ್ನೇ ನಿಲ್ಲಿಸುತ್ತವೆ. ಮೊದಲ ಬಗೆಗೆ ದಾರಿ ಮಾಡಿಕೊಟ್ಟ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದೇ ವರ್ಷ ಒಮೆಪ್ರಜೋಲ್ ಯುರೋಪಿನಲ್ಲಿ ಮಾರಾಟಕ್ಕೆ ಬಂತು.

3. ಹೊತ್ತು ಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ಪ್ರಜೋಲ್ ಮಾತ್ರೆ ಹೊಟ್ಟೆಯಲ್ಲಿ ಕರಗುವುದಿಲ್ಲ, ಕರಗಬಾರದು. ಅದರ ಮೇಲಿನ ಲೇಪ ಆಮ್ಲಕ್ಕೆ ಜಗ್ಗದೆ ಸಣ್ಣಕರುಳಿನಲ್ಲಿ ಬಿಡುತ್ತದೆ. ಅಲ್ಲಿಂದ ಔಷಧಿ ರಕ್ತಕ್ಕೆ ಸೇರಿ, ಸುತ್ತಿ ಬಂದು, ಪೆರೈಟಲ್ ಕೋಶವನ್ನು ಹಿಂಬದಿಯಿಂದ ಹೊಕ್ಕುತ್ತದೆ. ಕೋಶದೊಳಗಿನ ಸಣ್ಣ ಕಾಲುವೆಗಳಲ್ಲಿ ಆಮ್ಲ ಹರಿಯುತ್ತಿದ್ದರೆ ಮಾತ್ರ ಅದು ರೂಪ ಬದಲಿಸಿ ಪಂಪಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಟಿತೆಂದರೆ ಆ ಪಂಪಿನ ಕೆಲಸ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಆದರೆ ಹೊಟ್ಟೆ ಖಾಲಿ ಇದ್ದಾಗ ಹೆಚ್ಚಿನ ಪಂಪ್‌ಗಳು ಕೋಶದ ಒಳಗೇ ಮಡಚಿ ಕುಳಿತಿರುತ್ತವೆ. ತಿಂಡಿ ಬಿದ್ದಾಗಲೇ ಕಾಲುವೆಯ ಅಂಚಿಗೆ ಬಂದು ಓಡತೊಡಗುವುದು. ಔಷಧಿಯೋ, ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಎರಡೂ ಒಂದೇ ಹೊತ್ತಿಗೆ ಸಿಗಬೇಕು. ಅದಕ್ಕೇ ತಿಂಡಿಗೆ 30ರಿಂದ 60 ನಿಮಿಷ ಮೊದಲು.

ತಿಂಡಿಯಾದ ಮೇಲೆ ನುಂಗಿದರೆ, ಔಷಧಿ ಬರುವಷ್ಟರಲ್ಲಿ ಪಂಪ್‌ಗಳ ಓಟ ಇಳಿಮುಖವಾಗಿರುತ್ತದೆ. ಆರು ಗಂಟೆಗೆ ಎದ್ದು ಮಾತ್ರೆ ನುಂಗಿ, ಬರೀ ಕಾಫಿ ಕುಡಿದು, ಹತ್ತಕ್ಕೆ ಇಡ್ಲಿ ತಿನ್ನುವವರದ್ದೂ ಅದೇ ಕಥೆ. ಪಂಪ್ ಏಳುವ ಮೊದಲೇ ಔಷಧಿಯ ಬಹುಪಾಲು ಹೋಗಿರುತ್ತದೆ. ದಿನಕ್ಕೆ ಎರಡು ಬರೆದುಕೊಟ್ಟಿದ್ದರೆ ಎರಡನೆಯದು ರಾತ್ರಿ ಊಟಕ್ಕೆ ಮೊದಲು, ಮಲಗುವಾಗ ಅಲ್ಲ.

ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಯದ್ದೇ ಅಲ್ವಾ? ಎದ್ದ ಕೂಡಲೇ ಅದು, ಅರ್ಧ ಗಂಟೆ ಬಿಟ್ಟು ಇದು, ಇನ್ನರ್ಧ ಗಂಟೆ ಬಿಟ್ಟು ತಿಂಡಿ. ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಹೀರಿಕೊಳ್ಳುವುದೂ ಕಡಿಮೆಯಾಗಬಹುದು, ಡಾಕ್ಟರಿಗೆ ತಿಳಿಸಿ.

4. ಜಜ್ಜಬೇಡಿ, ಕಚ್ಚಬೇಡಿ

ಲೇಪ ಒಡೆದರೆ ಔಷಧಿ ಹೊಟ್ಟೆಯಲ್ಲೇ ಹಾಳಾಗುತ್ತದೆ.

5. ಮೂರು ದಿನ ತಾಳಿ

ಒಂದು ಮಾತ್ರೆಗೆ ಎಲ್ಲ ಪಂಪ್‌ಗಳೂ ಸಿಗುವುದಿಲ್ಲ. ದಿನಾ ಹೊಸ ಪಂಪ್‌ಗಳೂ ಹುಟ್ಟುತ್ತಿರುತ್ತವೆ. ಪೂರ್ತಿ ಗುಣ ಕಾಣಲು ಸುಮಾರು ಮೂರು ದಿನ ಬೇಕು. ಈಗಿನ ಉರಿ ಈಗಲೇ ಇಳಿಯಬೇಕೆಂದರೆ ಆಂಟಾಸಿಡ್ ಸಿರಪ್ ಸಾಕು, ಅದು ಇರುವ ಆಮ್ಲವನ್ನು ನೇರ ತಣಿಸುತ್ತದೆ. ಬಿಪಿ ಇರುವವರು ನೊರೆಯುಕ್ಕುವ ಪುಡಿಗಳನ್ನು ಪದೇ ಪದೇ ಕುಡಿಯಬೇಡಿ, ಅವುಗಳಲ್ಲಿ ಸೋಡಿಯಂ ಜಾಸ್ತಿ.

ಇನ್ನೊಂದು ಮಾತು. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲನ್ನು ಸುಮ್ನೆ ಕೇಳಿ ಒಯ್ಯುವವರು ಬಹಳ. ವಾಂತಿ, ವಾಕರಿಕೆ ಇಲ್ಲದಿದ್ದರೆ ಅದು ಬೇಡ. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಲ್ಲದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವ ಹೃದ್ರೋಗಿಗಳು ಒಮೆಪ್ರಜೋಲ್, ಇಸೊಮೆಪ್ರಜೋಲ್ ಬಿಟ್ಟು ಬೇರೆಯದನ್ನು ಬರೆಸಿಕೊಳ್ಳಿ.

6. ನಿಲ್ಲಿಸುವಾಗ ಮೆಲ್ಲಗೆ

ಆಮ್ಲ ಇಳಿದಾಗ ದೇಹ ಗ್ಯಾಸ್ಟ್ರಿನ್ ಏರಿಸುತ್ತದೆ. ಅದರಿಂದ ಹಿಸ್ಟಮಿನ್ ಸುರಿಸುವ ಕೋಶಗಳೂ ಬೆಳೆಯುತ್ತವೆ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿ ನೋಡಿದರು. ನಿಲ್ಲಿಸಿದ ಮೇಲೆ ಶೇ 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಬರೀ ಹುಸಿ ಮಾತ್ರೆ ನುಂಗಿದವರಲ್ಲಿ ಅದು ಶೇ 15. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು. ಮಾತ್ರೆ ಬಿಟ್ಟಾಗ ಬರುವ ಈ ಉರಿಯನ್ನು ಕಾಯಿಲೆ ಮರಳಿತೆಂದು ತಿಳಿದು ವರ್ಷಗಟ್ಟಲೆ ನುಂಗುತ್ತಲೇ ಇರುವವರಿದ್ದಾರೆ. ಬಹುಕಾಲ ನುಂಗಿದರೆ ಬಿ12 ಮತ್ತು ಮೆಗ್ನೀಶಿಯಂ ಕಡಿಮೆಯಾಗಬಹುದು.

ಡಾಕ್ಟರ್ ಒಪ್ಪಿದರೆ ಮೊದಲು ಡೋಸ್ ಅರ್ಧ ಮಾಡಿ (ಮಾತ್ರೆ ಮುರಿದಲ್ಲ, ಕಡಿಮೆ ಡೋಸಿನ ಮಾತ್ರೆ ಬರೆಸಿಕೊಂಡು), ನಂತರ ದಿನ ಬಿಟ್ಟು ದಿನ. ನಡುವಿನ ದಿನ ಉರಿ ಬಂದರೆ ಫ್ಯಾಮೋಟಿಡಿನ್ ಅಥವಾ ಸಿರಪ್. ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆದವರು, ಹೊಟ್ಟೆಯ ರಕ್ಷಣೆಗೆಂದು ಆಸ್ಪಿರಿನ್ ಅಥವಾ ನೋವಿನ ಮಾತ್ರೆಯ ಜೊತೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು.

7. ಮಾತ್ರೆ ಕೇಳುವ ಮೊದಲು

ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡತೋಳಿಗೋ ದವಡೆಗೋ ಹರಡಿದರೆ ಗ್ಯಾಸ್ಟ್ರಿಕ್ ಎಂದುಕೊಂಡು ನಮ್ಮ ಅಂಗಡಿಗೆ ಬರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.