ವಲಸೆ ಹಕ್ಕಿ ನೋಡಲು ಮೊದಲು ಕಿವಿ ತೆರೆಯಿರಿ

ಸೆಪ್ಟೆಂಬರ್ ಬಂತು ಅಂದರೆ ಬೆಂಗಳೂರಿನ ಮರಗಳಿಗೆ ಹಿಮಾಲಯದ ಕಡೆಯ ನೆಂಟರು ಬರಲು ಶುರು. ಹೊಸಬರ ದೂರು ಒಂದೇ: ಎಲೆಗಳ ನಡುವೆ ಏನೂ ಕಾಣಿಸಲ್ಲ. ಬೈನಾಕ್ಯುಲರ್ ಸ್ವಲ್ಪ ಕೆಳಗಿಡಿ. ಮೊದಲು ಕಿವಿ ಕೆಲಸ ಮಾಡಲಿ.

ಗ್ರೀನಿಶ್ ವಾರ್ಬ್ಲರ್ ಗುಬ್ಬಿಗಿಂತ ಚಿಕ್ಕದು, ಬಣ್ಣವೂ ಎಲೆಯದೇ. ಆದರೆ ಬಾಯಿ ಸುಮ್ಮನಿರಲ್ಲ. "ಚಿಸ್ವೀ... ಚಿಸ್ವೀ" ಅನ್ನುತ್ತಲೇ ಇರುತ್ತದೆ. ಪೊದೆಯೊಳಗಿಂದ ಕಲ್ಲಿಗೆ ಕಲ್ಲು ತಾಕಿಸಿದಂತೆ "ಟಕ್, ಟಕ್" ಕೇಳಿದರೆ ಅದು ಬಹುಶಃ ಬ್ಲೈತ್ಸ್ ರೀಡ್ ವಾರ್ಬ್ಲರ್. ಮೊದಲ ವರ್ಷ ಪೂರ್ತಿ ನಾನು ಅದನ್ನು ಅಳಿಲು ಅಂದುಕೊಂಡಿದ್ದೆ! ಈ ಎರಡು ದನಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಸುಮ್ನೆ ಸುತ್ತಬೇಡಿ. ಬೆಳಗಿನ ಬಿಸಿಲು ಮೊದಲು ಬೀಳುವ ಮರ ಹುಡುಕಿ, ಸೂರ್ಯನಿಗೆ ಬೆನ್ನು ಹಾಕಿ 20 ನಿಮಿಷ ನಿಲ್ಲಿ. ಬಿಸಿಲಿಗೆ ಹುಳುಗಳು ಏಳುತ್ತವೆ, ಹಿಂದೆಯೇ ಹಕ್ಕಿ ಬರುತ್ತದೆ. ರಾಜಕಾಲುವೆಯನ್ನೂ ಬಿಡಬೇಡಿ. ಹಳದಿ ಹೊಟ್ಟೆಯ ಬೂದು ಸಿಪಿಲೆ ಉದ್ದ ಬಾಲ ಕುಣಿಸುತ್ತಾ ಅಲ್ಲೇ ಓಡಾಡುವುದು. ಮೂಗು ಮುಚ್ಚಿಕೊಂಡಾದರೂ ನೋಡಿ.

ಮೊಬೈಲ್‌ನಲ್ಲಿ ದನಿ ಹಾಕಿ ಕರೆಯಬೇಡಿ. ಅಷ್ಟು ದೂರ ಹಾರಿ ಸುಸ್ತಾಗಿ ಬಂದಿರುತ್ತವೆ, ಅಲ್ವಾ?

ಇನ್ನೊಂದು ವಿಷಯ. ಅಕ್ಟೋಬರ್ ಹೊತ್ತಿಗೆ ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಕಿಟಕಿ ಗಾಜಿಗೆ ಬಡಿದು ಬಾಲ್ಕನಿಯಲ್ಲಿ ಬೀಳುವುದುಂಟು. ಬಾಯಿಗೆ ನೀರು ಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬದೊಳಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡರೆ ಮರಗಳಿರುವ ಕಡೆ ಬಿಟ್ಟುಬಿಡಿ. ಇಲ್ಲದಿದ್ದರೆ ಹಕ್ಕಿ ರಕ್ಷಣೆ ಮಾಡುವವರಿಗೆ ಫೋನ್ ಮಾಡಿ.