ತವರಿಗೆ ಹೋಗಿ ಬರಲು ನಾನು ಕಟ್ಟಿಕೊಂಡ ಫೈಲು

ಕೊಡಗಿನ ಪೊನ್ನಂಪೇಟೆ ಬಳಿಯ ನನ್ನ ತವರಿಗೆ ಬರುವುದು ಅಮೆರಿಕದ ವಲಸೆ ಕಾನೂನಿನ ಲೆಕ್ಕದಲ್ಲಿ ವಿದೇಶ ಪ್ರವಾಸ. ಹೊರಡುವಾಗ ಯಾರೂ ತಡೆಯುವುದಿಲ್ಲ, ಕಷ್ಟವೆಲ್ಲ ಮರಳುವುದರಲ್ಲಿದೆ. ಗಂಡನ ಹಿಂಸೆಯಿಂದ ಹೊರಬಂದು, ಪೊಲೀಸರ ತನಿಖೆಗೆ ನೆರವಾಗಿ, ಯು ವೀಸಾದ ಆಸರೆಯಲ್ಲಿ ಅಲ್ಲಿ ಉಳಿದಿರುವವರಲ್ಲಿ ನಾನೂ ಒಬ್ಬಳು. ಇದೇ ಸ್ಥಿತಿಯಲ್ಲಿರುವ ಊರಿನ ಕೆಲವು ಹೆಣ್ಣುಮಕ್ಕಳು ‘ನೀವು ಹೇಗೆ ಹೋಗಿ ಬಂದಿರಿ?’ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ನಿಮ್ಮ ಕಾಗದಪತ್ರಗಳನ್ನು ನಿಮ್ಮ ವಕೀಲರೇ ನೋಡಬೇಕು.

ಯು ವೀಸಾ 2000ದ ಕಾನೂನಿನಿಂದ ಬಂದದ್ದು. ಕೆಲವು ಗಂಭೀರ ಅಪರಾಧಗಳಿಗೆ ಬಲಿಯಾಗಿ ತನಿಖೆಗೆ ಸಹಕರಿಸಿದವರಿಗೆ ಕೊಡುತ್ತಾರೆ. ಮುಖ್ಯ ಅರ್ಜಿದಾರರಿಗೆ ವರ್ಷಕ್ಕೆ 10,000 ಮಾತ್ರ, ಹೀಗಾಗಿ ಸರದಿ ವರ್ಷಗಟ್ಟಲೆ. ಅಪ್ಪ ತೀರಿಕೊಂಡದ್ದು ನಾನು ಆ ಸರದಿಯಲ್ಲಿದ್ದಾಗ. ನಾನು ಬರಲಿಲ್ಲ. ‘ಒಬ್ಬಳೇ ಮಗಳು, ಮುಖ ನೋಡಲೂ ಬರಲಿಲ್ಲ’ ಎಂದವರಿಗೆ ಅಂದು ಉತ್ತರ ಕೊಡುವ ಶಕ್ತಿ ಇರಲಿಲ್ಲ. ಕಾರಣ ಇದು: ನಾನು ಹೋಗಿದ್ದು ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4ರಲ್ಲಿ. ವಿಚ್ಛೇದನವಾದ ಮೇಲೆ ಅದು ಉಳಿಯಲಿಲ್ಲ, ಎಲ್ಲಿಯವರೆಗೆ ಉಳಿಯಬಹುದೆಂದು ತೋರಿಸುವ ಪ್ರವೇಶ ದಾಖಲೆ ಐ-94ರ ಅವಧಿಯೂ ಮುಗಿದು ವರ್ಷ ಮೀರಿತ್ತು. ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ದಾಟಿಸಿ ಹೊರಟವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಉಳಿದಿರುವವರೆಗೆ ಆ ನಿಷೇಧ ಸುಮ್ಮನಿರುತ್ತದೆ, ದೇಶ ಬಿಟ್ಟ ಕ್ಷಣ ಎದ್ದು ನಿಲ್ಲುತ್ತದೆ.

ಯು ಮಂಜೂರಾದ ಮೇಲಾದರೂ ಬರಬಹುದಿತ್ತಲ್ಲ ಎಂದು ಅಣ್ಣ ಕೇಳುತ್ತಿದ್ದ. ಅಮೆರಿಕದೊಳಗೇ ಮಂಜೂರಾದವರ ಕೈಗೆ ಬರುವುದು ಒಂದು ಮಂಜೂರಾತಿ ಪತ್ರ, ಪಾಸ್‌ಪೋರ್ಟಿನಲ್ಲಿ ವೀಸಾ ಇರುವುದಿಲ್ಲ. ಊರಿಗೆ ಬಂದರೆ ಚೆನ್ನೈನ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ನಿಂತು ವೀಸಾ ಪಡೆದೇ ಮರಳಬೇಕು. ಹೊರಟದ್ದರಿಂದ ಎದ್ದ ಹತ್ತು ವರ್ಷದ ನಿಷೇಧಕ್ಕೆ ಬೇರೆ ವಿನಾಯಿತಿಯನ್ನೂ ಬೇಡಬೇಕು. ಅದು ತಿಂಗಳುಗಟ್ಟಲೆ ಎಳೆದರೆ ಇನ್ನೊಂದು ಪೇಚು: ಒಂದೇ ಸಲ 90 ದಿನ ಮೀರಿ, ಅಥವಾ ಒಟ್ಟು ಸೇರಿಸಿ 180 ದಿನ ಮೀರಿ ಹೊರಗಿದ್ದರೆ, ಕಾಯಂ ವಾಸದ ಹಸಿರು ಕಾರ್ಡಿಗೆ (ಗ್ರೀನ್ ಕಾರ್ಡ್) ಬೇಕಾದ ಮೂರು ವರ್ಷದ ಸತತ ವಾಸ ಮುರಿದುಬೀಳುತ್ತದೆ. ಚೆನ್ನೈನಲ್ಲಿ ಫೈಲು ಎಷ್ಟು ದಿನ ಕೂರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಮೂರು ವರ್ಷ ಕಾದು, ಹಸಿರು ಕಾರ್ಡಿನ ಐ-485 ಅರ್ಜಿಯ ಜೊತೆಗೇ ಪ್ರಯಾಣದ ಅನುಮತಿ ಕೋರುವ ಐ-131 ಹಾಕಿದೆ. ಇದಕ್ಕೆ ಸಿಗುವ ಕಾಗದವೇ ಅಡ್ವಾನ್ಸ್ ಪರೋಲ್. ಅದು ಕೈಗೆ ಬರುವ ಮುನ್ನ ಹೊರಟರೆ ಐ-485 ಅನ್ನು ನಾವೇ ಕೈಬಿಟ್ಟಂತೆ.

ಪರೋಲ್ ಹಿಡಿದು ಹೋದರೆ ಹತ್ತು ವರ್ಷದ ಗಂಡಾಂತರ ತಪ್ಪುತ್ತದೆಯೇ? ಇದೇ ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಉತ್ತರ 2012ರ ಅರ್ರಬಳ್ಳಿ–ಯರ್ರಬೆಳ್ಳಿ ತೀರ್ಪಿನಲ್ಲಿದೆ. ಭಾರತದಿಂದ ಹೋದ ಆ ದಂಪತಿ ವಯಸ್ಸಾದ ತಂದೆತಾಯಿಯರನ್ನು ನೋಡಲು ಅಡ್ವಾನ್ಸ್ ಪರೋಲ್ ಪಡೆದು ಬಂದು ಹೋಗಿದ್ದರು. ಅಂಥ ಪ್ರಯಾಣ ಹತ್ತು ವರ್ಷದ ನಿಷೇಧವನ್ನು ಎಬ್ಬಿಸುವ ‘ನಿರ್ಗಮನ’ವಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ ಹೇಳಿತು. ವಕೀಲರು ಅದನ್ನು ಓದಿ ಹೇಳಿದ ದಿನವೇ ಅವ್ವನಿಗೆ ಫೋನ್ ಮಾಡಿ ‘ಬರುತ್ತೇನೆ’ ಎಂದೆ. ಯಾವಾಗ ಎಂದು ಮಾತ್ರ ಹೇಳಲಿಲ್ಲ.

ರಾಜಕೀಯ ಆಶ್ರಯ ಪಡೆದವರು ನನ್ನ ದಾರಿಯನ್ನು ಹಿಡಿಯಬಾರದು. ತಾಯ್ನಾಡಿನ ಭಯವೇ ಅವರ ಅರ್ಜಿಯ ಬುನಾದಿ. ಆ ನಾಡಿಗೇ ಹೋಗಿ ಬಂದರೆ ‘ಭಯ ಎಲ್ಲಿತ್ತು?’ ಎಂಬ ಪ್ರಶ್ನೆ ಬರುತ್ತದೆ. ನನ್ನ ಪ್ರಕರಣದಲ್ಲಿ ಅಪರಾಧ ನಡೆದದ್ದು ಅಮೆರಿಕದಲ್ಲಿ, ಕೊಡಗಿಗೆ ಬರುವುದು ಅದಕ್ಕೆ ಅಡ್ಡಿಯಲ್ಲ.

ಟಿಕೆಟ್ಟಿಗೆ ಮೊದಲು ವಕೀಲರು ಎರಡು ವಿಷಯ ಖಚಿತಪಡಿಸಿಕೊಂಡರು. ನನ್ನ ಮೇಲೆ ಗಡಿಪಾರು ಆದೇಶವಾಗಲಿ ವಿಚಾರಣೆಯಾಗಲಿ ಇಲ್ಲವೆಂಬುದು ಒಂದು. ಇದ್ದಿದ್ದರೆ ಪರೋಲಿನ ರಕ್ಷಣೆ ಸಿಗುತ್ತಿರಲಿಲ್ಲ. ಎರಡನೆಯದು ಹೆಸರು. ಮದುವೆಯಾದಾಗ ಗಂಡನ ಒಕ್ಕದ (ಮನೆತನದ) ಹೆಸರು ಬಂದಿತ್ತು, ವಿಚ್ಛೇದನದ ನಂತರ ತವರಿನ ಒಕ್ಕದ ಹೆಸರಿಗೆ ಮರಳಿದ್ದೆ. ಹಳೆಯ ಪಾಸ್‌ಪೋರ್ಟ್ ಅವನ ವಶದಲ್ಲಿತ್ತು, ಪೊಲೀಸ್ ದೂರಿನ ಪ್ರತಿ ಕೊಟ್ಟು ಭಾರತದ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದೆ. ಹಳೆಯ ದಾಖಲೆಗಳಲ್ಲಿ ಒಂದು ಒಕ್ಕ, ಹೊಸದರಲ್ಲಿ ಇನ್ನೊಂದು. ನಡುವಿನ ಸೇತುವೆ ವಿಚ್ಛೇದನದ ಆದೇಶ, ಅದರ ದೃಢೀಕೃತ ಪ್ರತಿ ಫೈಲಿನಲ್ಲಿ ಮೊದಲೇ ಇತ್ತು. ಜೊತೆಗೆ ಪರೋಲಿನ ಮೂಲ ಪ್ರತಿ, ಐ-485ರ ರಸೀದಿ, ಯು ಮಂಜೂರಾತಿ ಪತ್ರ, ವರ್ಕ್ ಪರ್ಮಿಟ್. ಹಿಂಸೆಯ ವಿವರವಿದ್ದ ಪ್ರಮಾಣಪತ್ರವನ್ನು ಮಾತ್ರ ಬೇಕೆಂದೇ ಅಮೆರಿಕದಲ್ಲಿ ಬಿಟ್ಟೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದನ್ನು ಯಾರೂ ಓದಬೇಕಾಗಿಲ್ಲ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬರಬೇಕೆಂಬುದು ಆಸೆ. ಕಕ್ಕಬ್ಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ನಿಗದಿಯಾಗುವವರೆಗೆ ಕಾದರೆ ಟಿಕೆಟ್ ದರ ಗಗನಕ್ಕೇರುತ್ತದೆ. ಹುಣ್ಣಿಮೆ ನೋಡಿ ಅಂದಾಜು ಹಾಕಿದೆವು, ಆದರೆ ಪರೋಲ್ ಅಂಚೆಯಲ್ಲಿ ಬಂದ ಮೇಲಷ್ಟೇ ಹಣ ಕಟ್ಟಿದೆ. ಮಾರ್ಗವನ್ನೂ ಯೋಚಿಸಬೇಕು. ಅಮೆರಿಕದ ವೀಸಾ ಇಲ್ಲದ ಭಾರತೀಯರಿಗೆ ಲಂಡನ್ನಿನಲ್ಲಿ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕು, ಪರೋಲ್ ಕಾಗದ ವೀಸಾಕ್ಕೆ ಸಮವಲ್ಲ. ಅಬುಧಾಬಿಯಲ್ಲಿ ಅಮೆರಿಕದ ವಲಸೆ ತಪಾಸಣೆ ಅಲ್ಲೇ ನಡೆಯುತ್ತದೆ. ತಕರಾರು ಬಂದರೆ ಅಮೆರಿಕದ ನೆಲದ ಮೇಲಿರುವುದು ಲೇಸು ಎಂದು ವಕೀಲರು ಅದನ್ನೂ ಬೇಡವೆಂದರು. ದೋಹಾ ಮೂಲಕ ಬಂದೆ.

ಊರಿನಲ್ಲಿ ನನ್ನ ದೊಡ್ಡ ಚಿಂತೆ ಹಳೆಯ ಗಂಡನ ಕಡೆಯವರು. ಕೊಡಗು ಚಿಕ್ಕ ಜಿಲ್ಲೆ, ಗೋಣಿಕೊಪ್ಪದ ಸಂತೆಯಲ್ಲಿ ಕಂಡವರು ಸಂಜೆಗೆ ವಿರಾಜಪೇಟೆಗೆ ಸುದ್ದಿ ಮುಟ್ಟಿಸುತ್ತಾರೆ. ‘ಅಮೆರಿಕಕ್ಕೆ ಒಂದು ಪತ್ರ ಬರೆದರೆ ನೀನು ಅಲ್ಲಿಗೆ ಕಾಲಿಡಲಾರೆ’ ಎಂಬ ಬೆದರಿಕೆ ಹಿಂದೆಯೂ ಬಂದಿತ್ತು. ಹಿಂಸಿಸಿದವನ ಮಾತನ್ನೇ ನಂಬಿ ವಲಸೆ ಅಧಿಕಾರಿಗಳು ನಮ್ಮ ವಿರುದ್ಧ ತೀರ್ಮಾನಿಸುವಂತಿಲ್ಲ, ನಮ್ಮ ಅರ್ಜಿಯ ಸುಳಿವನ್ನೂ ಅವನಿಗೆ ಕೊಡುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಇದು ಗೊತ್ತಿದ್ದರಿಂದ ಒಕ್ಕದ ಹಿರಿಮನೆಯಾದ ಐನ್‌ಮನೆಗೆ ತಲೆ ಎತ್ತಿಕೊಂಡೇ ಹೋದೆ, ಕದಿರು ತೆಗೆಯುವಾಗ ಎಲ್ಲರ ಜೊತೆ ನಿಂತೆ. ಹೊರಡುವ ದಿನ ಯಾವುದೆಂದು ಮಾತ್ರ ಅವ್ವ, ಅಣ್ಣನ ಹೊರತು ಯಾರಿಗೂ ಹೇಳಲಿಲ್ಲ.

ಇನ್ನೊಂದು ಚಿಂತೆಗೆ ಮದ್ದಿಲ್ಲ. ನಾವು ಊರಲ್ಲಿರುವಾಗಲೇ ಐ-485 ತಿರಸ್ಕೃತವಾದರೆ ಪರೋಲ್ ಕೈಕೊಡುತ್ತದೆ. ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ಅಣ್ಣನ ಜೀಪಿನಲ್ಲಿ ಗೋಣಿಕೊಪ್ಪಕ್ಕೆ ಹೋಗಿ ಅರ್ಜಿಯ ಸ್ಥಿತಿ ನೋಡುತ್ತಿದ್ದೆ. ‘ಇನ್ನೊಂದು ತಿಂಗಳು ಇರು, ರೋಬಸ್ಟಾ ಕೊಯ್ಲು ನೋಡಿ ಹೋಗು’ ಎಂದು ಅವ್ವ ಹೇಳಿದಾಗ 90 ದಿನದ ಲೆಕ್ಕದಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ ಇದ್ದಷ್ಟೂ ಅಪಾಯ ಎಂಬುದು ನನ್ನ ನಿಲುವು. ತಿಂಗಳು ತುಂಬುವ ಮೊದಲೇ ಹೊರಟೆ. ಅವ್ವ ಕಟ್ಟಿಕೊಟ್ಟ ಹಂದಿಮಾಂಸದ ಉಪ್ಪಿನಕಾಯಿ ಅಣ್ಣನ ಪಾಲಾಯಿತು. ಮಾಂಸದ ಪದಾರ್ಥಕ್ಕಾಗಿ ಕಸ್ಟಮ್ಸ್‌ನವರ ಮುಂದೆ ನಿಲ್ಲುವ ಉಮೇದು ನನಗಿರಲಿಲ್ಲ. ಕಾಫಿ ಪುಡಿ ಮಾತ್ರ ಬಂತು.

ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ನಿರೀಕ್ಷಿಸಿದ್ದೇ ಆಯಿತು. ‘ಮೇಡಂ, ವೀಸಾ ಎಲ್ಲಿದೆ?’ ಎಂದು ಹುಡುಗ ಪಾಸ್‌ಪೋರ್ಟಿನ ಹಾಳೆಗಳನ್ನು ತಿರುವಿದ. ಪರೋಲ್ ತೋರಿಸಿದರೆ ಇದು ಬರೀ ಕಾಗದವಲ್ಲವೇ ಎಂದ. ವಾದಿಸಲಿಲ್ಲ. ವಿಮಾನ ಸಂಸ್ಥೆಗಳಿಗಾಗಿ ಅಮೆರಿಕದ ಗಡಿ ಇಲಾಖೆ ಹೊರಡಿಸಿರುವ ಕೈಪಿಡಿಯಲ್ಲಿ ಅಡ್ವಾನ್ಸ್ ಪರೋಲ್ ಬಗ್ಗೆ ಇರುವ ಪುಟವನ್ನು ಮುದ್ರಿಸಿ ತಂದಿದ್ದೆ. ಅದನ್ನು ಮುಂದಿಟ್ಟು ‘ನಿಮ್ಮ ಮೇಲಧಿಕಾರಿಯನ್ನು ಕರೆಯಿರಿ’ ಎಂದೆ. ಅವರು ಬಂದು, ಎಲ್ಲಿಗೋ ಫೋನ್ ಮಾಡಿ, ಕೊನೆಗೆ ಬೋರ್ಡಿಂಗ್ ಪಾಸ್ ಕೊಟ್ಟರು. ನಿಲ್ದಾಣಕ್ಕೆ ಬಹಳ ಮುಂಚಿತವಾಗಿ ಬಂದದ್ದು ಇದಕ್ಕಾಗಿಯೇ.

ಅಮೆರಿಕದಲ್ಲಿ ಇಳಿದಾಗ ನನ್ನನ್ನು ಬದಿಯ ಕೋಣೆಗೆ ಕಳುಹಿಸಿದರು. ಪರೋಲಿನವರಿಗೆ ಇದು ಮಾಮೂಲು, ಹೆದರಬೇಕಾಗಿಲ್ಲ. ಎಲ್ಲಿಗೆ ಹೋಗಿದ್ದೆ, ಯಾರನ್ನು ನೋಡಲು ಎಂದು ಕೇಳಿದರು, ಕೇಳಿದ್ದಕ್ಕಷ್ಟೇ ಉತ್ತರಿಸಿದೆ. ಪಾಸ್‌ಪೋರ್ಟಿಗೆ ಮೊಹರು ಬಿತ್ತು. ಪರೋಲ್ ಕೈಯಲ್ಲಿದ್ದರೂ ಪ್ರವೇಶ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಆದ್ದರಿಂದ ವಕೀಲರ ಫೋನ್ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದಿಟ್ಟುಕೊಂಡಿದ್ದೆ.

ಮನೆ ಸೇರಿದ ಮೇಲೆ ಹೊಸ ಐ-94 ಅನ್ನು ಆನ್‌ಲೈನಿನಲ್ಲಿ ತೆಗೆದು ಹೆಸರು, ದಿನಾಂಕ ತಾಳೆ ನೋಡಿದೆ. ಬೋರ್ಡಿಂಗ್ ಪಾಸುಗಳು, ಮೊಹರಿನ ಪುಟಗಳನ್ನು ಸ್ಕ್ಯಾನ್ ಮಾಡಿ ವಕೀಲರಿಗೆ ಕಳುಹಿಸಿದೆ. ಹೊರಗಿದ್ದ ದಿನಗಳು 180ರ ಲೆಕ್ಕಕ್ಕೆ ಸೇರುತ್ತವೆ, ಹಸಿರು ಕಾರ್ಡು ಇತ್ಯರ್ಥವಾಗುವವರೆಗೂ ಆ ಲೆಕ್ಕ ನಿಲ್ಲುವುದಿಲ್ಲ. ಈಗ ಮತ್ತೊಂದು ಐ-131 ಹಾಕಿದ್ದೇನೆ. ಅಣ್ಣನ ಮಗಳ ಮದುವೆ ಗೊತ್ತಾಗಿದೆ, ‘ಟಿಕೆಟ್ ಮಾಡಿದೆಯಾ?’ ಎಂದು ಅವ್ವ ವಾರಕ್ಕೊಮ್ಮೆ ಕೇಳುತ್ತಾಳೆ. ಕಾಗದ ಬರಲಿ ಎನ್ನುತ್ತೇನೆ.